ಮಾವನ ಮಾತಿನಿಂದ ಶುರು ಮಾಡಿ

ಸಿಂಧನೂರಿನ ಗೆಳೆಯರೇ,

ನ್ಯೂಜಿಲೆಂಡಿನ ರಗ್ಬಿ ಆಟಗಾರ ಜೋನಾ ಲೋಮು ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವಂತೆ ಅಚ್ಚು ಹಾಕಲಾರೆ.

‘ಲೋಮು 37 ಪ್ರಯತ್ನಗಳನ್ನು ಮಾಡಿದರು’ ಅಂತ ಬರೆದಿದ್ದೀರಿ. ಪಾಪ, ಅಷ್ಟು ಸಲ ಯತ್ನಿಸಿದರೂ ಆಗಲಿಲ್ಲವೇ ಅಂದುಕೊಳ್ಳುತ್ತಾರೆ ಓದಿದವರು. ರಗ್ಬಿಯಲ್ಲಿ ಟ್ರೈ ಅಂದರೆ ಪ್ರಯತ್ನವಲ್ಲ, ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೊತ್ತುವುದು; ಅದಕ್ಕೆ 5 ಅಂಕ. 63 ಟೆಸ್ಟ್‌ಗಳಲ್ಲಿ, ಅಂದರೆ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ, 37 ಸಲ ಒತ್ತಿದ್ದಾರೆ. ‘ಎಡ ರೆಕ್ಕೆಯಲ್ಲಿ ಆಡುತ್ತಿದ್ದರು’ ಅನ್ನುವುದೂ ಬೇಡ, ಕೋಳಿ ನೆನಪಾಗುತ್ತದೆ. ವಿಂಗ್ ಅಂತಲೇ ಬರೆಯಿರಿ, ಮೈದಾನದ ಅಂಚಿನ ಜಾಗ ಅದು. ನಮ್ಮ ಕಡೆ ಕಬಡ್ಡಿ ನೋಡದವರಿಲ್ಲ. ಲೋಮು ಹೇಗೆ ಆಡುತ್ತಿದ್ದರು ಅನ್ನಲು, ಮೂವರು ಜೋತುಬಿದ್ದರೂ ಎಳೆದುಕೊಂಡೇ ಗೆರೆ ಮುಟ್ಟುವ ರೈಡರ್ ಅಂದರೆ ಸಾಕು.

‘ಇಂಗ್ಲೆಂಡ್ ವಿರುದ್ಧ ಅಮೋಘ ಪ್ರದರ್ಶನ ನೀಡಿದರು.’ ಈ ಸಾಲನ್ನು ಯಾರ ಹೆಸರಿನ ಕೆಳಗಾದರೂ ಅಂಟಿಸಬಹುದು. 1995ರ ಜೂನ್ 18, ಕೇಪ್‌ಟೌನ್, ವಿಶ್ವಕಪ್ ಸೆಮಿಫೈನಲ್. ಆರಡಿ ಐದಂಗುಲದ, ಇಪ್ಪತ್ತು ವರ್ಷದ ಹುಡುಗ ಅಂಚಿನಲ್ಲಿ ನುಗ್ಗಿ ಬರುವಾಗ ಮುಗ್ಗರಿಸಿದ. ಎದುರಿಗೆ ಉಳಿದಿದ್ದವನು ಇಂಗ್ಲೆಂಡಿನ ಮೈಕ್ ಕ್ಯಾಟ್. ಲೋಮು ಪಕ್ಕಕ್ಕೆ ಸರಿಯದೆ ಅವನ ಮೇಲೆಯೇ ಹಾದುಹೋದ. ಆ ದಿನ ನಾಲ್ಕು ಟ್ರೈ. ನನಗೆ ಬೇಕಿರುವುದು ಆ ಮುಗ್ಗರಿಸಿದ ಗಳಿಗೆ. ಅಂದಹಾಗೆ, ಆ ವಿಶ್ವಕಪ್ ನ್ಯೂಜಿಲೆಂಡ್ ಗೆಲ್ಲಲಿಲ್ಲ. ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ 15–12ರಿಂದ ಗೆದ್ದಿತು. ತಿದ್ದಿಕೊಳ್ಳಿ.

ಸಿಟ್ಟು ಬಂದದ್ದು ಕೊನೆಗೆ. ‘ಅನಾರೋಗ್ಯದಿಂದ ನಿಧನರಾದರು’ ಅಂತ ಒಂದೇ ಸಾಲಿಗೆ ಕೈ ತೊಳೆದುಕೊಂಡಿದ್ದೀರಿ. 1995 ಮುಗಿಯುವ ಹೊತ್ತಿಗೇ ಅವರಿಗೆ ಕಿಡ್ನಿ ಕಾಯಿಲೆ ಇದೆಯೆಂದು ಗೊತ್ತಾಗಿತ್ತು. 1999ರ ವಿಶ್ವಕಪ್‌ನಲ್ಲಿ ಹೊಡೆದ 8 ಟ್ರೈ ಆ ಕಾಯಿಲೆ ಹೊತ್ತುಕೊಂಡೇ ಹೊಡೆದದ್ದು. 2003ರ ಹೊತ್ತಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. 2004ರಲ್ಲಿ ಗ್ರಾಂಟ್ ಕೆರೆಯಾಮಾ ಎಂಬ ರೇಡಿಯೊ ನಿರೂಪಕ ತಮ್ಮದೊಂದು ಕಿಡ್ನಿ ಕೊಟ್ಟರು. ಮರುವರ್ಷ ಲೋಮು ವೇಲ್ಸ್‌ನ ಕಾರ್ಡಿಫ್ ತಂಡದ ಪರ ಮತ್ತೆ ಆಟಕ್ಕಿಳಿದರು. 2015ರ ನವೆಂಬರ್‌ನಲ್ಲಿ ತೀರಿಕೊಂಡಾಗ ವಯಸ್ಸು ನಲವತ್ತೇ.

ಲೇಖನದ ಜೊತೆ ಇಟ್ಟಿದ್ದ ಚೀಟಿಯಲ್ಲಿ ನೀವೇ ಬರೆದಿದ್ದೀರಿ: ಸೋದರಮಾವನನ್ನು ಡಯಾಲಿಸಿಸ್‌ಗೆಂದು ರಾಯಚೂರಿಗೆ ಕರೆದೊಯ್ಯುವಾಗ ಬಸ್ಸಿನಲ್ಲಿ ಮೊಬೈಲ್ ಹಿಡಿದು ಲೋಮು ಆಟ ನೋಡುತ್ತಿದ್ದಿರಿ, ಮಾವ ಇಣುಕಿ ನೋಡಿ ‘ಇಂಥಾ ಹೋರಿಗೂ ನಮ್ಮಂಗ ಸೂಜಿ ಚುಚ್ಚಿದ್ರೇನಪಾ?’ ಅಂದರು. ಇದನ್ನು ಚೀಟಿಯಲ್ಲಿ ಬಚ್ಚಿಟ್ಟು, ಲೇಖನವನ್ನು ‘ಕ್ರೀಡಾಲೋಕದ ಧ್ರುವತಾರೆ’ ಅಂತ ಶುರು ಮಾಡಿದ್ದೀರಲ್ಲ!

ಮಾವನ ಮಾತನ್ನು ಹಾಗೇ ಇಡಿ, ಗ್ರಾಂಥಿಕ ಮಾಡಬೇಡಿ. ಮೊದಲು ಅವರ ಒಪ್ಪಿಗೆ ಕೇಳಿ. ಎರಡು ಪುಟ ಮೀರದಂತೆ ಬರೆದು 10ನೇ ತಾರೀಕಿನೊಳಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

– ಸಂಪಾದಕ