ತೆಂಗಿನಕಾಯಿ ಸೂರ್ಯ, ಸಾಸಿವೆ ಭೂಮಿ

ಪ್ರಶ್ನೆ: ಮೇಷ್ಟ್ರೇ, ತೀರ್ಥಹಳ್ಳಿ ಕಡೆ ಸಣ್ಣ ಶಾಲೆಲಿ ಏಳನೇ ಕ್ಲಾಸಿಗೆ ವಿಜ್ಞಾನ ತಗೊಳ್ತೀನಿ. ಸೂರ್ಯ 15 ಕೋಟಿ ಕಿಲೋಮೀಟರ್ ದೂರ ಅಂದ್ರೆ ಮಕ್ಕಳು ಸುಮ್ನೆ ಬರ್ಕೊಳ್ತವೆ, ಮುಖದಲ್ಲಿ ಏನೂ ಕಾಣಲ್ಲ. ಟೆಲಿಸ್ಕೋಪ್ ಗಿಲಿಸ್ಕೋಪ್ ನಮ್ಮಲ್ಲಿಲ್ಲ. ಏನ್ ಮಾಡ್ಲಿ?

ಉತ್ತರ: ಮೇಡಂ, 15 ಕೋಟಿ ಅಂದ್ರೆ ನಂಗೂ ಅಂದಾಜು ಸಿಗಲ್ಲ. ಚಾರ್ಟಲ್ಲಿ ಗ್ರಹಗಳನ್ನ ಮದುವೆಮನೆ ಪಂಕ್ತಿ ಥರ ಒತ್ತೊತ್ತಾಗಿ ಕೂರಿಸಿರ್ತಾರಲ್ಲ, ಮೊದ್ಲು ಅದನ್ನ ಗೋಡೆಯಿಂದ ಇಳಿಸಿ, ಆಮೇಲೆ ಮಕ್ಕಳನ್ನ ಅಡಿಕೆ ತೋಟಕ್ಕೆ ಕರ್ಕೊಂಡ್ಹೋಗಿ.

14 ಸೆಂಟಿಮೀಟರ್ ದಪ್ಪದ ಸುಲಿದ ತೆಂಗಿನಕಾಯಿ ಸೂರ್ಯ. ಭೂಮಿ ಒಂದು ಸಾಸಿವೆ ಕಾಳು, ಅದನ್ನ 15 ಮೀಟರ್ ಆಚೆ ಇಡ್ಬೇಕು, ಮರದಿಂದ ಮರಕ್ಕೆ 9 ಅಡಿ ಅಂತ ನೆಟ್ಟ ತೋಟ ಆದ್ರೆ ಐದಾರು ಮರ ದಾಟಿದ್ರೆ ಬಂತು. ಗುರು ಗ್ರಹ ಒಂದು ಗೋಲಿ, 29ನೇ ಮರದ ಬುಡದಲ್ಲಿ. ನೆಪ್ಚೂನ್ ಕಾಳುಮೆಣಸು, 450 ಮೀಟರ್ ದೂರ, ಅಷ್ಟೊತ್ತಿಗೆ ನೀವು ಬೇರೆಯವ್ರ ತೋಟದಲ್ಲಿರ್ತೀರಿ, ಬೇಲಿ ದಾಟೋ ಮುಂಚೆ ಕೇಳ್ಕೊಳ್ಳಿ ಮಾರಾಯ್ರೆ. ಚಂದ್ರ ಒಂದು ಚಿರೋಟಿ ರವೆ, ಸಾಸಿವೆಯಿಂದ 4 ಸೆಂಟಿಮೀಟರ್. ಮನುಷ್ಯ ಇಲ್ಲಿವರೆಗೆ ಹೋಗಿರೋದು ಆ 4 ಸೆಂಟಿಮೀಟರಷ್ಟೇ ಅಂತ ಹೇಳಿ ಸ್ವಲ್ಪ ಹೊತ್ತು ಸುಮ್ನಿರಿ.

ಬೆಳಕು ಈ ಲೆಕ್ಕದಲ್ಲಿ ಸೆಕೆಂಡಿಗೆ 3 ಸೆಂಟಿಮೀಟರ್ ಹೋಗುತ್ತೆ, ಗೊದ್ದ ಹರಿದಂಗೆ. ತೆಂಗಿನಕಾಯಿಂದ ಸಾಸಿವೆಗೆ 8 ನಿಮಿಷ ಚಿಲ್ಲರೆ, ಒಬ್ಬ ಹುಡುಗನ ಕೈಗೆ ವಾಚ್ ಕೊಟ್ಟು ನಡೆಸಿ ನೋಡಿ. ಪಕ್ಕದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ ಅದೇ ಅಳತೆಲಿ 4,000 ಕಿಲೋಮೀಟರ್, ಶಿವಮೊಗ್ಗದಿಂದ ದಿಲ್ಲಿಗೆ ನೇರ ಗೆರೆ ಎಳೆದು ಹೋಗಿ ಬಂದ್ರೂ ಅಷ್ಟಾಗಲ್ಲ, ಗೊದ್ದಕ್ಕೆ ನಾಲ್ಕು ವರ್ಷದ ಮೇಲೆ ಬೇಕು.

ಪ್ರಶ್ನೆ: ಬಾಹ್ಯಾಕಾಶದಲ್ಲಿ ಗಾಳೀನೇ ಇಲ್ವಲ್ಲ ಸಾರ್, ರಾಕೆಟ್ ಏನನ್ನ ಒತ್ತಿ ಮುಂದೆ ಹೋಗುತ್ತೆ? (ಎಂಟನೇ ಕ್ಲಾಸ್ ಹುಡುಗಿ, ಸಾಗರ)

ಉತ್ತರ: ಒಳ್ಳೇ ಪ್ರಶ್ನೆ ಪುಟ್ಟಿ. ಶರಾವತಿ ಹಿನ್ನೀರಲ್ಲಿ ಸಣ್ಣ ದೋಣಿಯಿಂದ ದಡಕ್ಕೆ ಹಾರಿದೀಯಾ? ನೀನು ಈಕಡೆ ಬಂದೆ, ದೋಣಿ ಆಕಡೆ ಸರೀತು. ರಾಕೆಟ್ಟೂ ತನ್ನೊಳಗಿನ ಇಂಧನ ಸುಟ್ಟು ಆ ಬಿಸಿ ಅನಿಲಾನ ಹಿಂದಕ್ಕೆ ಎಸೆಯುತ್ತೆ, ತಾನು ಮುಂದಕ್ಕೆ ಹೋಗುತ್ತೆ, ಒತ್ತಕ್ಕೆ ಹೊರಗಿನ ಗಾಳಿ ಬೇಡ. ಇಂಧನ ಸುಡೋಕೆ ಬೇಕಾದ ಆಕ್ಸಿಜನ್ನೂ ತಾನೇ ಹೊತ್ಕೊಂಡು ಹೋಗುತ್ತೆ. ಅದಕ್ಕೇ ಅಷ್ಟು ಭಾರ: 2023ರ ಜುಲೈ 14ಕ್ಕೆ ಚಂದ್ರಯಾನ-3 ಹಾರಿಸಿದ ಎಲ್‌ವಿಎಂ3 ರಾಕೆಟ್ ಸುಮಾರು 640 ಟನ್, ಮೇಲೆ ಕೂತಿದ್ದ ನೌಕೆ 4 ಟನ್ನೂ ಇರ್ಲಿಲ್ಲ.

ಶಾಲೇಲಿ ಮಾಡಿ ನೋಡ್ಬೇಕಂದ್ರೆ ಸೋಡಾ ತುಂಬೋ ಪ್ಲಾಸ್ಟಿಕ್ ಬಾಟ್ಲಿ ತಗೊಂಡು ಮೂರರಲ್ಲೊಂದು ಭಾಗ ನೀರು ಹಾಕಿ, ಬಿರಡೆಗೆ ಫುಟ್ಬಾಲ್ ಸೂಜಿ ಚುಚ್ಚಿ ಬಿಗಿಯಾಗಿ ಜಡಿದು, ತಲೆಕೆಳಗೆ ನಿಲ್ಲಿಸಿ ಸೈಕಲ್ ಪಂಪಲ್ಲಿ ಗಾಳಿ ತುಂಬಿ. ಬಿರಡೆ ಕಿತ್ತು ನೀರು ಕೆಳಕ್ಕೆ ಚಿಮ್ಮುತ್ತೆ, ಬಾಟ್ಲಿ ಮೇಲಕ್ಕೆ ಹಾರುತ್ತೆ. ಟೀಚರ್ ಜೊತೆಗಿರ್ಲಿ, ಬಾಟ್ಲಿ ಮೇಲೆ ಯಾರೂ ಬಗ್ಗಬಾರ್ದು. ಇನ್ನೊಂದ್ಸಲ ನೀರೇ ಹಾಕ್ದೆ ಬರೀ ಗಾಳಿ ತುಂಬಿ ಬಿಡಿ, ಅಷ್ಟು ಎತ್ತರ ಹೋಗಲ್ಲ, ಹಿಂದಕ್ಕೆ ಎಸೆಯೋಕೆ ತೂಕದ್ದೇನೂ ಇಲ್ವಲ್ಲ. ಕೊನೇ ಪೀರಿಯಡ್ಡಲ್ಲೇ ಮಾಡಿ, ಯೂನಿಫಾರ್ಮ್ ಪೂರ್ತಿ ಒದ್ದೆಯಾಗುತ್ತೆ.