ನೀರಿನಲ್ಲಿ ನೈಟ್ರೇಟ್ (ಗೊಬ್ಬರ, ಚರಂಡಿಯಿಂದ ಬರುವ ಸಾರಜನಕದ ಲವಣ) ಕಡಿಮೆ ಬಂದಿದೆ, ಅಳಿವೆಯ ತಳದ ಜೀವಿಗಳು ಚೆನ್ನಾಗಿವೆ ಅಂತ ವರದಿ ಬರೆಯಬಹುದಾ?

ಬರೆಯಬೇಡಿ. ನಾನು ಇದನ್ನೇ ಬರೆದಿದ್ದೆ, ಎರಡು ವರ್ಷದ ಕೆಲಸ ನೀರುಪಾಲಾಯಿತು.

ನಮಗೆ ದೋಣಿ ಸಿಗುತ್ತಿದ್ದುದೇ ಬಿಸಿಲೇರಿದ ಮೇಲೆ. ಹನ್ನೊಂದರ ಹೊತ್ತಿಗೆ ಹೋಗಿ ಬಕೆಟ್‌ನಲ್ಲಿ ಮೇಲಿನ ನೀರು ಎತ್ತುತ್ತಿದ್ದೆ. ಲೀಟರಿಗೆ 8 ಮಿಲಿಗ್ರಾಂ ಆಮ್ಲಜನಕ, ನೈಟ್ರೇಟ್ ಇಲ್ಲವೆನ್ನುವಷ್ಟು. ಖುಷಿಯಿಂದ 'ಅಳಿವೆ ಆರೋಗ್ಯವಾಗಿದೆ' ಎಂದು ಬರೆದುಬಿಟ್ಟೆ.

ಆ 8 ನೋಡಿಯೇ ನಾನು ಹೆದರಬೇಕಿತ್ತು. 30 ಡಿಗ್ರಿಯ ಸಿಹಿನೀರು ಗಾಳಿಯಿಂದ ಹಿಡಿದುಕೊಳ್ಳುವುದೇ ಸುಮಾರು 7.5, ಉಪ್ಪುನೀರು ಇನ್ನೂ ಕಡಿಮೆ. ಹಾಗಿದ್ದರೆ ಮಿಕ್ಕಿದ್ದು ಎಲ್ಲಿಂದ ಬಂತು? ಪಾಚಿಯಿಂದ. ಅದು ಗೊಬ್ಬರ, ಚರಂಡಿಯ ಸಾರವನ್ನೆಲ್ಲ ತಿಂದು ಸೊಕ್ಕಿ ಬೆಳೆದು ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತಿತ್ತು. ನೈಟ್ರೇಟ್ ಕಡಿಮೆ ಬಂದದ್ದೂ ಅದಕ್ಕೇ, ಪಾಚಿ ತಿಂದಾಗಿತ್ತು! ರಾತ್ರಿ ಅದೇ ಪಾಚಿ ಆಮ್ಲಜನಕ ಎಳೆದುಕೊಳ್ಳುತ್ತದೆ, ಸತ್ತದ್ದು ತಳಕ್ಕಿಳಿದು ಕೊಳೆಯುತ್ತದೆ, ಮಳೆಗಾಲದಲ್ಲಿ ಹಗುರವಾದ ಸಿಹಿನೀರು ಉಪ್ಪುನೀರಿನ ಮೇಲೆ ಮುಚ್ಚಳದ ಹಾಗೆ ಕೂತುಬಿಡುವುದರಿಂದ ಕೆಳಗೆ ಹೊಸ ಗಾಳಿಯೂ ಇಳಿಯುವುದಿಲ್ಲ.

ಕೊನೆಗೊಮ್ಮೆ ಬೆಳಗಿನ ಜಾವ ಹೋಗಿ ತಳದ ನೀರು ತೆಗೆದೆ. ಆಮ್ಲಜನಕ ಬರೀ 1.4. ಎರಡಕ್ಕಿಂತ ಕೆಳಗಿಳಿದರೆ ತಳದಲ್ಲಿ ಬಹಳಷ್ಟು ಜೀವಿಗಳಿಗೆ ಉಸಿರು ಕಟ್ಟುತ್ತದೆ. ಕೆಸರಿಗೆ ಪೈಪ್ ಒತ್ತಿ ಎತ್ತಿದೆ. ಮೇಲೆ ಉಗುರಿನ ದಪ್ಪದಷ್ಟು ಮಾತ್ರ ಆಮ್ಲಜನಕ ತಾಗಿದ ಕಂದು ಪದರ, ಅದರ ಕೆಳಗೆ ಆಮ್ಲಜನಕವಿಲ್ಲದ ಕಾಡಿಗೆಯಂಥ ಕಪ್ಪು, ಕೊಳೆತ ಮೊಟ್ಟೆಯ ವಾಸನೆ. 1 ಮಿಲಿಮೀಟರ್ ಜರಡಿಯಲ್ಲಿ ಬರೀ ಖಾಲಿ ಚಿಪ್ಪುಗಳು. ಅರ್ಧ ಮಿಲಿಮೀಟರ್ ಜರಡಿಯಲ್ಲಿ ನೂರಾರು ಕೆಂಪು ಹುಳು, ದಾರದ ಎಳೆಯಷ್ಟು ಸಣ್ಣವು. ಕ್ಯಾಪಿಟೆಲ್ಲಾ, ಕೊಳಕು ಕೆಸರಿನಲ್ಲಿ ಹುಲುಸಾಗಿ ಬೆಳೆಯುವ ಹುಳು. ಸಂಖ್ಯೆ ಜಾಸ್ತಿ ಅಂತ ಸಮಾಧಾನಪಡಬೇಡಿ. ಆಳಕ್ಕೆ ಬಿಲ ಕೊರೆಯುವ ದೊಡ್ಡವು ಹೋಗಿ ಬೇಗ ಮರಿ ಮಾಡುವ ಪುಟ್ಟವು ತುಂಬಿಕೊಳ್ಳುತ್ತವೆ ಎಂದು ಸಮುದ್ರತಳದ ಜೀವಿಗಳನ್ನು ಅಧ್ಯಯನ ಮಾಡಿದ ವಿಜ್ಞಾನಿಗಳಾದ ಪಿಯರ್ಸನ್ ಮತ್ತು ರೋಸೆನ್‌ಬರ್ಗ್ 1978ರಲ್ಲೇ ತೋರಿಸಿದ್ದಾರೆ.

ನನಗೆ ಸಂಕಟವಾಗುವುದು ಇಲ್ಲೇ. ಆ ದೊಡ್ಡ ಹುಳು, ಏಡಿ, ಚಿಪ್ಪಿಗಳೇ ಅಲ್ವಾ ಕೆಸರನ್ನು ಉತ್ತು ಒಳಗೆ ಗಾಳಿ ಆಡಿಸುವುದು? ಅವು ಹೋದರೆ ಕೆಸರಿನಲ್ಲಿ ಕೂತ ರಂಜಕ, ಅಮೋನಿಯಾ ಮತ್ತೆ ನೀರಿಗೆ ಏಳುತ್ತವೆ. ಚರಂಡಿ ಮುಚ್ಚಿದ ಮೇಲೂ ಪಾಚಿಗೆ ಊಟ ಸಿಗುತ್ತಲೇ ಇರುತ್ತದೆ.

ಯಾವ ನೈಟ್ರೇಟ್ ಕಿಟ್ ಒಳ್ಳೆಯದು ಅಂತಲೂ ಕೇಳಿದ್ದೀರಿ. ಯಾವುದೂ ಬೇಡ, ಆ ದುಡ್ಡಿಗೆ ಸಣ್ಣ ಕಣ್ಣಿನ ಜರಡಿ ತಗೊಳ್ಳಿ. ಮಳೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಹೋಗಿ, ಯಾಕೆಂದರೆ ನೆರೆಯ ಸಿಹಿನೀರಿಗೂ ಜೀವಿಗಳು ಸಾಯುತ್ತವೆ, ಒಮ್ಮೆ ಮಾತ್ರ ಹೋದರೆ ಆ ಸಾವನ್ನೂ ಕೊಳಕಿನಿಂದಾದ ಸಾವನ್ನೂ ಬೆರೆಸಿಬಿಡುತ್ತೀರಿ. ಕಂದು ಪದರ ಎಷ್ಟು ದಪ್ಪ ಅಂತ ದೋಣಿಯಲ್ಲೇ ಸ್ಕೇಲ್ ಇಟ್ಟು ಬರೆದುಕೊಳ್ಳಿ. ತಡಮಾಡಿದರೆ ಗಾಳಿ ತಾಗಿ ಕಪ್ಪು ಮಾಸಿಹೋಗುತ್ತದೆ.