ಮೊದಲೇ ತೀರ್ಮಾನ, ಆಮೇಲೆ ಕಾರಣ

ಶಿರಸಿಯಿಂದ ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಅನ್ನುವುದನ್ನು ಕಳೆದ ಸಂಚಿಕೆಯಲ್ಲಿ ಮೂಢನಂಬಿಕೆ ಅಂದಿದ್ದೀರಿ. ಭೂಮಿ ಅಯಸ್ಕಾಂತ, ರಕ್ತದಲ್ಲಿ ಕಬ್ಬಿಣ ಇದೆ, ಹಾಗೆ ಮಲಗಿದರೆ ರಕ್ತ ತಲೆಗೆ ಏರುತ್ತದೆ ಅಂತ ಎಂಜಿನಿಯರ್ ಆಗಿರುವ ನನ್ನ ಮಗನೇ ಹೇಳಿದ. ನಾವು ಕಾರಣ ಕೊಟ್ಟರೆ ಸಮರ್ಥನೆ, ನೀವು ಕೊಟ್ಟರೆ ವಿಚಾರ. ಇದು ಯಾವ ನ್ಯಾಯ?"

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ ಮೇಷ್ಟ್ರೇ. ಹೀಗೆ ನೇರವಾಗಿ ಕೇಳುವವರು ಕಡಿಮೆ, ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಆ ಕಬ್ಬಿಣದ ವಿಷಯ. ರಕ್ತದಲ್ಲಿ ಕಬ್ಬಿಣ ಇರುವುದು ನಿಜ, ಆದರೆ ಅದು ಮೊಳೆಯ ಕಬ್ಬಿಣ ಅಲ್ಲ. ಅದು ಇರುವುದು ಹಿಮೋಗ್ಲೋಬಿನ್ ಅನ್ನುವ ಪ್ರೋಟೀನಿನೊಳಗೆ. ಆಕ್ಸಿಜನ್ ತುಂಬಿಕೊಂಡ ಹಿಮೋಗ್ಲೋಬಿನ್ನನ್ನು ಅಯಸ್ಕಾಂತ ಸೆಳೆಯುವುದೇ ಇಲ್ಲ, ತೀರಾ ಸ್ವಲ್ಪ ತಳ್ಳುತ್ತದೆ. ರಸಾಯನ ವಿಜ್ಞಾನಿಗಳಾದ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ 1936ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಅದೂ ಬೇಡ, ಆಸ್ಪತ್ರೆಯ ಎಂಆರ್‌ಐ ಯಂತ್ರ ನೋಡಿ. 1.5 ಟೆಸ್ಲಾ ಯಂತ್ರದ ಕಾಂತಕ್ಷೇತ್ರ ಭೂಮಿಯದ್ದಕ್ಕಿಂತ 30,000 ಪಟ್ಟಿಗೂ ಜಾಸ್ತಿ. ಅದರೊಳಗೆ ಅರ್ಧ ಗಂಟೆ ಮಲಗಿದವರು ಎದ್ದು, ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋಗುತ್ತಾರೆ.

ಈಗ ಹೇಳಿ, ಇದನ್ನು ಓದಿದ ಮೇಲೆ ಇವತ್ತು ರಾತ್ರಿ ಉತ್ತರಕ್ಕೆ ತಲೆ ಹಾಕುತ್ತೀರಾ? ಇಲ್ಲ ಅಲ್ವಾ? ಹಾಗಾದರೆ ನರಗಳಿಗೆ ಏನೋ ಆಗುತ್ತಿರಬೇಕು ಅಂತ ಇನ್ನೊಂದು ಕಾರಣ ಹುಡುಕುತ್ತೀರಿ. ಅದೂ ಬಿದ್ದರೆ ಮತ್ತೊಂದು. ಕಾರಣ ಬಿದ್ದರೂ ತೀರ್ಮಾನ ಅಲ್ಲಾಡಲಿಲ್ಲ ಅಂದರೆ, ಅದು ಆ ಕಾರಣದ ಮೇಲೆ ಯಾವತ್ತೂ ನಿಂತಿರಲಿಲ್ಲ ಅಂತಲೇ ಅರ್ಥ. ನಾನು ಸಮರ್ಥನೆ ಅನ್ನುವುದು ಇದಕ್ಕೆ.

ನನ್ನ ಅಜ್ಜಿಯೂ ಉತ್ತರಕ್ಕೆ ತಲೆ ಹಾಕಲು ಬಿಡುತ್ತಿರಲಿಲ್ಲ. ಯಾಕಜ್ಜಿ ಅಂದರೆ, ಗಣಪತಿಗೆ ತಲೆ ಬೇಕಾದಾಗ ಉತ್ತರಕ್ಕೆ ತಲೆ ಹಾಕಿ ಮಲಗಿದ್ದ ಆನೆಯದ್ದನ್ನೇ ಕಡಿದು ತಂದ ಕಥೆ ಹೇಳಿ, "ನಮ್ಮಲ್ಲಿ ಹಾಗೆ ಮಲಗಲ್ಲ, ಅಷ್ಟೇ. ಈ ಕಡೆ ತಿರುಗು" ಅನ್ನುತ್ತಿದ್ದರು. ಎಷ್ಟು ಪ್ರಾಮಾಣಿಕ ಮಾತು! ನಂಬಿಕೆಯನ್ನು ನಂಬಿಕೆ ಅಂತಲೇ ಹೇಳಿದರು. ವಿಜ್ಞಾನ ಓದಿದ ಮೊಮ್ಮಕ್ಕಳಿಗೆ ಹಾಗೆ ಹೇಳಲು ನಾಚಿಕೆ, ಅದಕ್ಕೆ ನಡುವೆ ಅಯಸ್ಕಾಂತ ತರುತ್ತಾರೆ. ಹಿರಿಯರ ಆಚಾರಗಳಲ್ಲಿ ಹುರುಳಿರುವುದೂ ಇದೆ, ಒಪ್ಪುತ್ತೇನೆ. ಹೊರಗಿಂದ ಬಂದವರು ಕೈಕಾಲು ತೊಳೆದು ಬನ್ನಿ ಅಂದರೆ ಯಾರ ತಕರಾರೂ ಇಲ್ಲ.

ಬುದ್ಧಿವಂತರೂ ಇದರಿಂದ ತಪ್ಪಿಸಿಕೊಂಡಿಲ್ಲ. ಅಮೆರಿಕದ ವಿಜ್ಞಾನಿ, ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿದ್ದಾಗ ಮಾಂಸ ಬಿಟ್ಟಿದ್ದ, ಮೀನು ಹಿಡಿಯುವುದೂ ಕೊಲೆಯೇ ಅಂತ ನಂಬಿದ್ದ. ಬಾಸ್ಟನ್‌ನಿಂದ ಹೊರಟ ಹಡಗು ಗಾಳಿಯಿಲ್ಲದೆ ಬ್ಲಾಕ್ ದ್ವೀಪದ ಹತ್ತಿರ ನಿಂತಾಗ, ಜೊತೆಯವರು ಕಾಡ್ ಮೀನು ಹಿಡಿದು ಬಾಣಲೆಗೆ ಹಾಕಿದರು. ಘಮ ಮೂಗಿಗೆ ಬಂತು. ಆಗ ದೊಡ್ಡ ಮೀನಿನ ಹೊಟ್ಟೆಯಿಂದ ಸಣ್ಣ ಮೀನು ಬಂದದ್ದು ನೆನಪಾಯಿತು. ನೀವೇ ಒಬ್ಬರನ್ನೊಬ್ಬರು ತಿನ್ನುವಾಗ ನಾನು ತಿಂದರೇನು ಅಂದುಕೊಂಡು ಹೊಟ್ಟೆ ತುಂಬ ತಿಂದ. ಅವನ ದೊಡ್ಡತನ ಇರುವುದು ಆಮೇಲೆ. ಮಾಡಬೇಕು ಅನಿಸಿದ್ದಕ್ಕೆಲ್ಲ ಕಾರಣ ಹುಟ್ಟಿಸಿಕೊಳ್ಳಬಹುದು, ಮನುಷ್ಯನಿಗೆ ಬುದ್ಧಿ ಇರುವುದು ಎಷ್ಟು ಅನುಕೂಲ ಅಂತ ತಾನೇ ಬರೆದಿಟ್ಟ. ಡಾರ್ವಿನ್ ಅಂತೂ ತಮ್ಮ ತೀರ್ಮಾನಕ್ಕೆ ಎದುರಾದ ಸಂಗತಿ ಕಂಡರೆ ಆ ಕ್ಷಣವೇ ಗುರುತು ಹಾಕಿಕೊಳ್ಳುತ್ತಿದ್ದರು. ಅಂಥವೇ ಬೇಗ ಮರೆತುಹೋಗುತ್ತವೆ ಅಂತ ಅವರಿಗೆ ಗೊತ್ತಿತ್ತು.

ನಾವು ಮಕ್ಕಳಿಗೆ ಏನು ಕಲಿಸುತ್ತಿದ್ದೇವೆ? ಲೋಲಕದ ಪ್ರಯೋಗ ನೀವೇ ಮಾಡಿಸಿರುತ್ತೀರಿ. ದಾರಕ್ಕೆ ಗುಂಡು ಕಟ್ಟಿ, 20 ಆಂದೋಲನಕ್ಕೆ ಎಷ್ಟು ಸೆಕೆಂಡ್ ಅಂತ ಸ್ಟಾಪ್‌ವಾಚ್ ಹಿಡಿದು ನೋಡಬೇಕು. ಅದರಿಂದ ಭೂಮಿಯ ಗುರುತ್ವ ವೇಗೋತ್ಕರ್ಷ (g) ಲೆಕ್ಕ ಹಾಕಿದರೆ 8.9 ಬರುತ್ತದೆ, ಪುಸ್ತಕದಲ್ಲಿ 9.8 ಇದೆ. ಒಂದು ಆಂದೋಲನ ಎಣಿಸುವುದು ಬಿಟ್ಟುಹೋದರೆ ಸರಿಯಾಗಿ ಇಷ್ಟೇ ಕಡಿಮೆ ಬರುತ್ತದೆ. ಎಂಥ ಒಳ್ಳೆಯ ಪಾಠ ಆಗಬಹುದಿತ್ತು ಅದು! ಆದರೆ ಹುಡುಗ 9.8 ಬರುವ ಹಾಗೆ ಹಿಂದಿನಿಂದ ರೀಡಿಂಗ್ ಹೊಂದಿಸುತ್ತಾನೆ, ರೆಕಾರ್ಡಿಗೆ ಸಹಿ ಬೀಳುತ್ತದೆ, ಪೂರ್ತಿ ಅಂಕ. 8.9 ಅಂತ ಇದ್ದದ್ದನ್ನು ಇದ್ದ ಹಾಗೆ ಬರೆದ ಹುಡುಗಿಗೆ ಅಂಕ ಕಟ್.

ಹೀಗೆ ತಾಲೀಮು ಪಡೆದವರೇ ದೊಡ್ಡ ಓದು ಓದಿ, ಗ್ರಹಣದ ದಿನ ದರ್ಭೆ ವಿಕಿರಣ ತಡೆಯುತ್ತದೆ ಅಂತ ಟೀವಿಯಲ್ಲಿ ಹೇಳುತ್ತಾರೆ. 2019ರ ಡಿಸೆಂಬರ್ 26ರ ಗ್ರಹಣದ ದಿನ ಕಲಬುರಗಿ ಹತ್ತಿರ ಅಂಗವಿಕಲ ಮಕ್ಕಳನ್ನು, ವಾಸಿಯಾಗಲಿ ಅಂತ, ಕುತ್ತಿಗೆವರೆಗೆ ಮಣ್ಣಲ್ಲಿ ಹೂತಿದ್ದರು. ಆ ತಂದೆತಾಯಿಯ ಮೇಲೆ ನನಗೆ ಸಿಟ್ಟಿಲ್ಲ, ಅವರ ಸಂಕಟ ಅವರಿಗೆ. ಗ್ರಹಣಕ್ಕೆ ಏನೋ ಶಕ್ತಿ ಇದೆ ಅಂತ ವಿಜ್ಞಾನದ ಹೆಸರಲ್ಲಿ ಹೇಳುವ ಓದಿದವರ ಮೇಲೆ ಸಿಟ್ಟು. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ ನಾಡು ಇದು.

ನಿಮ್ಮ ಮಗನನ್ನು ಒಂದು ಮಾತು ಕೇಳಿ: ಏನು ಕಂಡರೆ ನಿನ್ನ ಮಾತು ತಪ್ಪು ಅಂತ ಒಪ್ಪುತ್ತೀಯ? ನನ್ನನ್ನೂ ಇದನ್ನೇ ಕೇಳಬಹುದು. ದಿಕ್ಕು ಗೊತ್ತಾಗದ ಕೋಣೆಗಳಲ್ಲಿ ಜನರನ್ನು ಮಲಗಿಸಿ, ಉತ್ತರಕ್ಕೆ ತಲೆ ಇಟ್ಟವರಿಗೆ ಮಾತ್ರ ರಕ್ತದೊತ್ತಡ ಏರುವುದು ಪದೇ ಪದೇ ಕಂಡರೆ, ನಾನು ಒಪ್ಪಿ ನನ್ನ ಮಂಚ ತಿರುಗಿಸುತ್ತೇನೆ. ಅವರ ಉತ್ತರ ಬರೆದು ಕಳಿಸಿ. ಒಂದಕ್ಷರ ಕತ್ತರಿಸದೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.